ಹಾಲ್‌ಸ್ಟೆಡ್ ಬೀದಿಯ ಜೇನ್ ಆಡಮ್ಸ್

ಹುಟ್ಟಿದ ಊರು, ಆಡಿದ ಅಂಗಳ, ಕೇಳಿ ಬೆಳೆದ ಮಾತು ಇವೆಲ್ಲವನ್ನೂ ಬಿಟ್ಟು ಹೊಟ್ಟೆಪಾಡಿಗಾಗಿ ದೂರದ ನಗರವನ್ನು ಸೇರುವುದು ಮನುಷ್ಯನ ಬಾಳಿನಲ್ಲಿ ಒಂದು ದೊಡ್ಡ ಪರೀಕ್ಷೆ. ಹೊಸ ನಗರದಲ್ಲಿ ದುಡಿದರೆ ಕೂಲಿ ಸಿಕ್ಕೀತು, ಬಾಡಿಗೆ ಕೊಟ್ಟರೆ ಸೂರು ದೊರೆತೀತು. ಆದರೆ ಈ ಊರು ತನ್ನದು, ತಾನು ಈ ಊರಿನವನು ಎಂಬ ಭಾವನೆ ಹಣಕ್ಕೆ ದೊರೆಯುವ ವಸ್ತುವಲ್ಲ. ನೆರೆಯವರು ನಾಲ್ಕು ಜನರ ಎದುರಿಗೆ ಅವನನ್ನು ತಮ್ಮವನೆಂದು ಒಪ್ಪಿಕೊಂಡಾಗ ಮಾತ್ರ ಅದು ಮೂಡುತ್ತದೆ. ಈ ಸತ್ಯವನ್ನು ತನ್ನ ಅನುಭವದಿಂದ ಕಂಡುಕೊಂಡು, ಸುಮಾರು 46 ವರ್ಷಗಳ ಕಾಲ ಪರದೇಶಗಳಿಂದ ಬಂದ ಬಡವರ ಬೀದಿಯಲ್ಲಿಯೇ ಬಾಳಿದ ಮಹಿಳೆ ಜೇನ್ ಆಡಮ್ಸ್. ಆಕೆಯ ಕಾರ್ಯಕ್ಷೇತ್ರ ಅಮೆರಿಕದ ಷಿಕಾಗೊ ನಗರ.

ಜೇನ್ ಆಡಮ್ಸ್ 1860ನೆಯ ಇಸವಿ ಸೆಪ್ಟೆಂಬರ್ 6ರಂದು ಅಮೆರಿಕದ ಇಲಿನಾಯ್ ಸಂಸ್ಥಾನದ ಸೀಡರ್‌ವಿಲ್ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದಳು. ಆಕೆಯ ತಂದೆ ಜಾನ್ ಆಡಮ್ಸ್ ಹಳ್ಳಿಯ ಹೊಳೆಯ ದಂಡೆಯ ಮೇಲೆ ಹಿಟ್ಟಿನ ಗಿರಣಿಯನ್ನೂ ಮರ ಕೊಯ್ಯುವ ಗಿರಣಿಯನ್ನೂ ನಡೆಸುತ್ತಿದ್ದ ಸ್ಥಿತಿವಂತ. ಹದಿನಾರು ವರ್ಷಗಳ ಕಾಲ ಸಂಸ್ಥಾನದ ಶಾಸನ ಸಭೆಯ ಸದಸ್ಯನಾಗಿದ್ದ ಆತನಿಗೆ ಅಬ್ರಹಾಂ ಲಿಂಕನ್ನನ ಸ್ನೇಹವಿದ್ದಿತು. ಆತನ ಪ್ರಾಮಾಣಿಕತೆ ಎಷ್ಟು ಪ್ರಸಿದ್ಧವಾಗಿತ್ತೆಂದರೆ ಅಷ್ಟು ವರ್ಷಗಳಲ್ಲಿ ಒಬ್ಬನಾದರೂ ಆತನ ಬಳಿಗೆ ಲಂಚದ ಮಾತನ್ನು ತರುವ ಧೈರ್ಯ ಮಾಡಿರಲಿಲ್ಲ. ಜೇನ್ ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಅನಂತರ ಬೆನ್ನುಮೂಳೆಯ ಕ್ಷಯ ತಗುಲಿ ಮಗುವಿನ ಬೆನ್ನು ಬಾಗಿತು, ನಡಿಗೆಯೂ ಸೊಟ್ಟಗಾಯಿತು.

ಎತ್ತರವಾದ ನಿಲುವಿನ ತನ್ನ ತಂದೆ ಊರಿಗೇ ಸುಂದರನೆಂದು ಜೇನ್ ಭಾವಿಸಿದ್ದಳು. ಇಂಥವನಿಗೆ ಇಂಥ ಕುರೂಪಿಯಾದ ಮಗಳೇ ಎಂದು ಹೊರಗಿನವರು ಅಂದುಕೊಂಡಾರೆಂಬ ಅಳುಕು ಆಕೆಯನ್ನು ಕಾಡುತ್ತಿತ್ತು. ಪರಸ್ಥಳದವರು ಬಂದ ಭಾನುವಾರಗಳಂದು ಪ್ರಾರ್ಥನಾ ಮಂದಿರದಿಂದ ಹಿಂದಿರುಗುವಾಗ ಆಕೆ ತಂದೆಯ ಪಕ್ಕವನ್ನು ಬಿಟ್ಟು ಚಿಕ್ಕಪ್ಪನ ಜೊತೆಗೆ ನಡೆಯುತ್ತಿದ್ದಳು. ಒಂದು ದಿನ ಹತ್ತಿರದ ಪಟ್ಟಣದ ಜನಭರಿತವಾದ ಬೀದಿಯಲ್ಲಿ ತಂದೆ ಬ್ಯಾಂಕಿನಿಂದ ಹೊರಕ್ಕೆ ಬರುತ್ತಿದ್ದುದನ್ನು ಕಂಡು ಆಕೆ ನಾಚಿಕೆಯಿಂದ ಕುಗ್ಗಿ ನಿಂತಳು. ಆತನಾದರೋ ಮಗಳನ್ನು ಕಂಡೊಡನೆ ತನ್ನ ರೇಷ್ಮೆಯ ಟೋಪಿಯನ್ನು ಎತ್ತಿ, ಗೌರವಾನ್ವಿತ ಮಹಿಳೆಗೆ ಮಾಡುವಂತೆ, ತಲೆಬಾಗಿ ವಂದಿಸಿದನು. ಅಷ್ಟು ಜನರ ನಡುವೆ ತನ್ನನ್ನು ತಂದೆ ತನ್ನವಳೆಂದು ಒಪ್ಪಿಕೊಂಡ ಆ ಒಂದು ಗಳಿಗೆ ಆ ಮಗುವಿನ ಎದೆಯ ಭಾರವನ್ನೆಲ್ಲ ಇಳಿಸಿತು. ಜೇನ್ ಅದನ್ನು ವೃದ್ಧಾಪ್ಯದವರೆಗೂ ಮರೆಯಲಿಲ್ಲ.

ಇನ್ನೊಮ್ಮೆ ತಂದೆಯ ಜೊತೆ ಗಿರಣಿಯ ಕೆಲಸಕ್ಕಾಗಿ ಪಟ್ಟಣಕ್ಕೆ ಹೋಗಿದ್ದಾಗ ಒತ್ತೊತ್ತಾಗಿ ನಿಂತ ಬಡವರ ಹೀನಾಯವಾದ ಮನೆಗಳು ಆಕೆಯ ಕಣ್ಣಿಗೆ ಬಿದ್ದವು. ಜನ ಏಕೆ ಇಂಥ ಮನೆಗಳಲ್ಲಿ ಇಷ್ಟು ಇಕ್ಕಟ್ಟಿನಲ್ಲಿ ಇರುತ್ತಾರೆಂದು ಆಕೆ ತಂದೆಯನ್ನು ಕೇಳಿದಳು. ತಾನು ದೊಡ್ಡವಳಾದ ಮೇಲೆ ದೊಡ್ಡ ಮನೆಯೊಂದನ್ನು ಮಾಡಿಕೊಳ್ಳುವುದಾಗಿಯೂ ಆ ಮನೆ ಶ್ರೀಮಂತರ ಕೇರಿಯಲ್ಲಿರದೆ ಇಂಥ ಸಣ್ಣ ಮನೆಗಳ ನಡುವೆಯೇ ಇರುವುದೆಂದೂ ಹೇಳಿದಳು. ಎಳೆಯ ಮನಸ್ಸಿನ ಆ ಸಂಕಲ್ಪ ನಿಜವಾಗಲು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

1881ರಲ್ಲಿ ಜೇನ್ ರಾಕ್‌ಫರ್ಡ್ ಪಟ್ಟಣದ ಮಹಿಳಾ ವಿದ್ಯಾಲಯದಲ್ಲಿ ವ್ಯಾಸಂಗವನ್ನು ಮುಗಿಸಿದಳು. ಅದೇ ವರ್ಷ ಆಕೆಯ ತಂದೆ ಹಠಾತ್ತನೆ ತೀರಿಕೊಂಡನು. ವೈದ್ಯಳಾಗಿ ಬಡವರ ನಡುವೆ ಕೆಲಸ ಮಾಡಬೇಕೆಂಬ ಹಂಬಲದಿಂದ ಆಕೆ ಫಿಲಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ವಿದ್ಯಾಲಯವನ್ನು ಸೇರಿದಳು. ಆದರೆ ಬೆನ್ನಿನ ಬೇನೆ ಮರುಕಳಿಸಿ ಕೆಲವೇ ತಿಂಗಳುಗಳಲ್ಲಿ ಓದು ನಿಂತಿತು. ಮುಂದಿನ ಕೆಲವು ವರ್ಷಗಳನ್ನು ಆಕೆ ಕಾಯಿಲೆಯಲ್ಲಿ, ಯೂರೋಪಿನ ಪ್ರವಾಸದಲ್ಲಿ, ಮಾಡಬೇಕಾದುದೇನೆಂದು ತಿಳಿಯದ ತಳಮಳದಲ್ಲಿ ಕಳೆದಳು. ವಿದ್ಯೆಯಿತ್ತು, ಹಣವಿತ್ತು, ಅವು ಯಾರ ಉಪಯೋಗಕ್ಕೂ ಬಾರದೆ ತನ್ನಲ್ಲಿಯೇ ಕೊಳೆಯುತ್ತಿವೆಯೆಂಬ ಕೊರಗು ಆಕೆಯನ್ನು ಕಾಡಿತು.

1883ರಲ್ಲಿ ಲಂಡನ್ನಿನ ಪೂರ್ವ ಭಾಗದ ಬಡವರ ಕೇರಿಯಲ್ಲಿ ಆಕೆ ಒಂದು ಶನಿವಾರದ ರಾತ್ರಿ ಕಂಡ ನೋಟ ಮರೆಯಲಾಗದ್ದು. ವಾರದ ಕೊನೆಗೆ ಉಳಿದ ಕೊಳೆತ ತರಕಾರಿಯನ್ನು ಗಾಡಿಗಳ ಮೇಲಿಟ್ಟು ಹರಾಜು ಹಾಕುತ್ತಿದ್ದರು. ಅದನ್ನು ಕೊಳ್ಳಲು ಹರಕು ಬಟ್ಟೆಯ ನೂರಾರು ಮಂದಿ ದೀಪದ ಮಂದ ಬೆಳಕಿನಲ್ಲಿ ಕೈಗಳನ್ನು ಮೇಲಕ್ಕೆ ಚಾಚಿ ನಿಂತಿದ್ದರು. ಐದು ವರ್ಷಗಳ ಅನಂತರ, 1888ರಲ್ಲಿ, ಆಕೆ ಮತ್ತೆ ಲಂಡನ್ನಿಗೆ ಬಂದಾಗ ಅದೇ ಭಾಗದಲ್ಲಿದ್ದ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆಯನ್ನು ನೋಡಿದಳು. ವಿಶ್ವವಿದ್ಯಾನಿಲಯದಲ್ಲಿ ಓದಿದ ತರುಣರು ಅಲ್ಲಿ ಬಡವರ ನಡುವೆಯೇ ಮನೆ ಮಾಡಿಕೊಂಡು ವಾಸಿಸುತ್ತಿದ್ದರು. ದೂರದಲ್ಲಿ ನಿಂತು ದಾನ ಮಾಡುವುದಕ್ಕಿಂತ ನೆರೆಯವರಾಗಿ ಬಾಳುವುದು ಮೇಲೆಂಬ ಈ ಮಾರ್ಗ ಜೇನಳ ಮನಸ್ಸಿಗೆ ಹಿಡಿಸಿತು. ಸ್ವದೇಶಕ್ಕೆ ಮರಳಿ, ಸಹಪಾಠಿಯಾಗಿದ್ದ ಎಲೆನ್ ಗೇಟ್ಸ್ ಸ್ಟಾರಳ ಜೊತೆಗೂಡಿ ಆಕೆ ಷಿಕಾಗೊದಲ್ಲಿ ಮನೆ ಹುಡುಕತೊಡಗಿದಳು.

1893ರ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ನಗರವೆಂದು ಷಿಕಾಗೊದ ಹೆಸರು ನಮಗೆ ಪರಿಚಿತವಾಗಿದೆ. 1871ರ ಮಹಾ ಅಗ್ನಿಯಲ್ಲಿ ಸುಟ್ಟ ಆ ನಗರ ಎರಡೇ ದಶಕಗಳಲ್ಲಿ ಮತ್ತೆ ಎದ್ದು ನಿಂತಿತ್ತು. 1880ರಲ್ಲಿ ಐದು ಲಕ್ಷವಿದ್ದ ಜನಸಂಖ್ಯೆ 1890ರ ವೇಳೆಗೆ ಹನ್ನೊಂದು ಲಕ್ಷವನ್ನು ಮುಟ್ಟಿತು. ಇವರಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚಿನವರು ಹೊರದೇಶಗಳಲ್ಲಿ ಹುಟ್ಟಿದವರು ಇಲ್ಲವೆ ಅಂಥವರ ಮಕ್ಕಳು. ಉಕ್ಕಿನ ಕಾರ್ಖಾನೆಗಳು, ಮಾಂಸದ ಕಾರ್ಖಾನೆಗಳು, ರೈಲುದಾರಿಗಳು, ಹೊಲಿಗೆಯ ಕಾರ್ಖಾನೆಗಳು ಇವರ ದುಡಿಮೆಯಿಂದ ನಡೆಯುತ್ತಿದ್ದವು. ಆದರೆ ಇವರ ವಾಸ ಮರದ ಹಲಗೆಯ ಹಳೆಯ ಮನೆಗಳಲ್ಲಿ. ಒಬ್ಬರಿಗಾಗಿ ಕಟ್ಟಿದ ಮನೆಯಲ್ಲಿ ಮೂರು ನಾಲ್ಕು ಸಂಸಾರಗಳು ತುಂಬಿರುತ್ತಿದ್ದವು. ಅನೇಕ ಮನೆಗಳಿಗೆ ಅಂಗಳದಲ್ಲಿನ ಒಂದು ನಲ್ಲಿಯ ಹೊರತು ಬೇರೆ ನೀರಿರಲಿಲ್ಲ.

ಇಂಥ ಕೇರಿಯ ನಡುವೆ, ಹಾಲ್‌ಸ್ಟೆಡ್ ಎಂಬ ಬೀದಿಯಲ್ಲಿ, ಚಾರ್ಲ್ಸ್ ಹಲ್ ಎಂಬ ಗೃಹಸ್ಥ 1856ರಲ್ಲಿ ಕಟ್ಟಿಸಿದ ಇಟ್ಟಿಗೆಯ ದೊಡ್ಡ ಮನೆಯೊಂದಿತ್ತು. ಹಿಂದೆ ಊರ ಹೊರಗಿದ್ದ ಆ ಮನೆಯನ್ನು ಬೆಳೆಯುತ್ತಿದ್ದ ನಗರ ಸುತ್ತುವರಿದಿತ್ತು. ಅದರ ಒಂದು ಮಗ್ಗುಲಿಗೆ ಶವಸಂಸ್ಕಾರದ ಅಂಗಡಿ, ಇನ್ನೊಂದು ಮಗ್ಗುಲಿಗೆ ಮದ್ಯದಂಗಡಿ. 1889ರ ಸೆಪ್ಟೆಂಬರ್ 18ರಂದು ಜೇನ್ ಮತ್ತು ಎಲೆನ್ ಅಲ್ಲಿಗೆ ವಾಸಕ್ಕೆ ಬಂದರು. ಮನೆಗೆ ಹಲ್ ಹೌಸ್ ಎಂಬ ಹೆಸರೇ ನಿಂತಿತು. ಸುತ್ತಲೂ ಇಟಲಿಯವರು, ಜರ್ಮನರು, ಐರಿಷರು, ಬೊಹೀಮಿಯದವರು, ಪೋಲೆಂಡ್ ಮತ್ತು ರಷ್ಯಗಳಿಂದ ಬಂದ ಯೆಹೂದ್ಯರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಈ ಇಬ್ಬರು ಹೆಂಗಸರು ತಾವಾಗಿಯೇ ಈ ಕೇರಿಗೆ ಬಂದುದೇಕೆಂಬುದಂತೂ ಯಾರಿಗೂ ಅರ್ಥವಾಗಲಿಲ್ಲ. ಆ ಬೀದಿಗೆ ಅತ್ಯಂತ ಹೊಸಬಳಾದ ವಲಸೆಗಾರಳು ಜೇನಳೇ ಆಗಿದ್ದಳು.

ಮೊದಲಲ್ಲಿ ಗೆಳತಿಯರು ಕಥೆಗಳನ್ನು ಓದಿ ಹೇಳುವುದು, ಚಿತ್ರಗಳನ್ನು ತೋರಿಸುವುದು ಮೊದಲಾದುವನ್ನು ಮಾಡಿದರು. ಆದರೆ ನೆರೆಯವರ ಕಷ್ಟಗಳು ಬಾಗಿಲು ತಟ್ಟಲು ಬಹಳ ದಿನ ಹಿಡಿಯಲಿಲ್ಲ. ಮೂವರು ಅಂಗವಿಕಲ ಮಕ್ಕಳು ಅವರ ಕಣ್ಣಿಗೆ ಬಿದ್ದರು. ಒಂದು ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದ ಮಗು. ಇನ್ನೊಂದು ಬೆಂಕಿಯಿಂದ ಸುಟ್ಟುಕೊಂಡ ಮಗು. ಮತ್ತೊಂದು ದಿನವೆಲ್ಲ ಅಡುಗೆಮನೆಯ ಮೇಜಿನ ಕಾಲಿಗೆ ಕಟ್ಟಿಹಾಕಿದ್ದರಿಂದ ಬೆನ್ನು ಬಾಗಿಹೋದ ಮಗು. ಈ ಮಕ್ಕಳ ತಾಯಂದಿರು ನಿರ್ದಯರಲ್ಲ. ಕೆಲಸಕ್ಕೆ ಹೋಗದಿದ್ದರೆ ಒಲೆ ಉರಿಯದು. ಹೋದರೆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಅಜ್ಜಿಯಿಲ್ಲ, ಅತ್ತೆಯಿಲ್ಲ, ಪರಿಚಯದ ನೆರೆಯೂ ಇಲ್ಲ. ಹಳ್ಳಿಯಲ್ಲಿ ಬಂಧುಬಳಗ ಮಾಡುತ್ತಿದ್ದ ಕೆಲಸವನ್ನು ನಗರದಲ್ಲಿ ಮಾಡುವವರೇ ಇರಲಿಲ್ಲ. ಬಾಗಿದ ಬೆನ್ನಿನ ನೋವನ್ನು ತಾನೇ ಉಂಡಿದ್ದ ಜೇನ್ ಕೂಡಲೇ ದುಡಿಯುವ ತಾಯಂದಿರ ಕೂಸುಗಳಿಗಾಗಿ ಶಿಶುಪಾಲನ ಕೇಂದ್ರವನ್ನು ತೆರೆದಳು. ಶಿಶುವಿಹಾರ, ಸಂಜೆಯ ಪಾಠಗಳು, ಸ್ನಾನಗೃಹಗಳು, ಆಟದ ಬಯಲು ಒಂದರ ಹಿಂದೊಂದರಂತೆ ಬಂದವು. ಎರಡನೆಯ ವರ್ಷದ ವೇಳೆಗೆ ವಾರಕ್ಕೆ ಸುಮಾರು 2,000 ಮಂದಿ ಆ ಮನೆಗೆ ಬಂದುಹೋಗುತ್ತಿದ್ದರು.

ಬಡವರಿಗೆ ಬೇಕಾದುದು ತನಗೆ ತಿಳಿದಿದೆಯೆಂಬ ಭ್ರಮೆಯನ್ನು ಜೇನ್ ಮೆಲ್ಲಮೆಲ್ಲನೆ ಕಳಚಿಕೊಳ್ಳಬೇಕಾಯಿತು. ದುಡಿಯುವ ಹೆಂಗಸರಿಗೆ ಅಗ್ಗವಾಗಿ ಪುಷ್ಟಿಕರ ಆಹಾರ ಒದಗಲೆಂದು ಆಕೆ ಶಾಸ್ತ್ರೀಯವಾದ ಅಡುಗೆಮನೆಯೊಂದನ್ನು ಸ್ಥಾಪಿಸಿದಳು. ಬಾಸ್ಟನ್ನಿನಲ್ಲಿ ತರಬೇತಿ ಪಡೆದವರು ಅಳತೆ ತೂಕ ಹಾಕಿ ಅಡುಗೆ ಮಾಡಿದರು. ಆದರೆ ನೆರೆಯವರು ಅದನ್ನು ಕೊಳ್ಳಲು ಬರಲಿಲ್ಲ. ಹತ್ತು ದೇಶಗಳಿಂದ ಬಂದವರ ನಾಲಗೆಯ ರುಚಿ ಹತ್ತು ಬಗೆ. ಮೈಗೆ ಒಳ್ಳೆಯದೆಂಬ ಒಂದೇ ಕಾರಣಕ್ಕೆ ಯಾರೂ ತಮ್ಮ ಮನೆಯ ಊಟವನ್ನು ಬಿಡಲಾರರು. ಆ ಯೋಜನೆ ಸೋತಿತು. ಜನ ಕುಳಿತು ಹರಟೆ ಹೊಡೆಯಬಹುದಾದ ಕಾಫಿಯ ಮನೆಯಾಗಿ ಅದು ಮಾರ್ಪಟ್ಟಾಗ ತಾನಾಗಿಯೇ ತುಂಬಿತು.

ಇನ್ನೊಂದು ತಪ್ಪು ಇದಕ್ಕಿಂತ ಘೋರವಾದುದು. 1893ರಲ್ಲಿ ದೇಶಕ್ಕೆಲ್ಲ ಆರ್ಥಿಕ ಮುಗ್ಗಟ್ಟು ಬಂದು, ಆ ಚಳಿಗಾಲದಲ್ಲಿ ಷಿಕಾಗೊದ ಸಾವಿರಾರು ಮಂದಿ ನಿರುದ್ಯೋಗಿಗಳಾದರು. ಗುಮಾಸ್ತನಾಗಿದ್ದವನೊಬ್ಬ ಸಂಸಾರಕ್ಕೆ ನೆರವು ಕೇಳಲು ಬಂದನು. ಕೆಲಸ ಸಿಗುವಾಗ ದಾನ ಕೊಡಬಾರದೆಂಬ ನಿಯಮಕ್ಕೆ ಅನುಸಾರವಾಗಿ ಜೇನ್ ಆತನಿಗೆ ಕಾಲುವೆ ತೋಡುವ ಕೆಲಸವನ್ನು ಸೂಚಿಸಿದಳು. ತಾನು ಒಳಗೆ ಕುಳಿತು ಕೆಲಸ ಮಾಡಿದವನು, ಹೊರಗಿನ ಚಳಿಯನ್ನು ತಡೆಯಲಾರೆನೆಂದು ಆತ ಹೇಳಿದರೂ ನಿಯಮ ಸಡಿಲವಾಗಲಿಲ್ಲ. ಆತ ಎರಡು ದಿನ ಕಾಲುವೆಯಲ್ಲಿ ಅಗೆದು, ಶ್ವಾಸಕೋಶದ ಜ್ವರಕ್ಕೆ ತುತ್ತಾಗಿ, ವಾರದಲ್ಲಿ ತೀರಿಕೊಂಡನು. ಜೇನ್ ಈ ಪ್ರಸಂಗವನ್ನು ಮುಚ್ಚಿಡಲಿಲ್ಲ; ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿಟ್ಟಳು. ಆತನ ಇಬ್ಬರು ಮಕ್ಕಳ ಯೋಗಕ್ಷೇಮವನ್ನು ಎಂದಿಗೂ ಮರೆಯಲಿಲ್ಲ. ಒಬ್ಬ ಮನುಷ್ಯನ ಬಾಳನ್ನು ಪೂರ್ತಿಯಾಗಿ ಅರಿಯದೆ ಅವನಿಗೆ ದಾರಿ ತೋರಿಸಹೊರಡುವುದು ಅಪಾಯಕರವೆಂದು ಆ ಸಾವು ಆಕೆಗೆ ಕಲಿಸಿತು.

ನೆರೆಯವರ ಬಾಳನ್ನು ಅರಿಯುತ್ತ ಹೋದಂತೆ ಅವರ ಕಷ್ಟದ ಬೇರುಗಳು ಆಕೆಗೆ ಕಾಣಿಸಿದವು. ಹಲ್ ಹೌಸಿನ ಮೊದಲ ಕ್ರಿಸ್‌ಮಸ್ ಹಬ್ಬದಲ್ಲಿ ಮಕ್ಕಳಿಗೆ ಮಿಠಾಯಿ ಹಂಚಿದಾಗ ಕೆಲವು ಪುಟ್ಟ ಹುಡುಗಿಯರು ಅದನ್ನು ಮುಟ್ಟಲಿಲ್ಲ. ವಿಚಾರಿಸಿದರೆ, ಅವರು ಮಿಠಾಯಿಯ ಕಾರ್ಖಾನೆಯಲ್ಲಿ ಆರು ವಾರಗಳಿಂದ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿಯುತ್ತಿದ್ದರು. ಮಿಠಾಯಿಯನ್ನು ಕಂಡರೆ ಅವರಿಗೆ ಓಕರಿಕೆ ಬರುತ್ತಿತ್ತು. ಹತ್ತಿರದ ಇನ್ನೊಂದು ಕಾರ್ಖಾನೆಯಲ್ಲಿ ಒಂದೇ ಯಂತ್ರಕ್ಕೆ ಸಿಕ್ಕಿ ಮೂವರು ಹುಡುಗರು ಗಾಯಗೊಂಡರು, ಒಬ್ಬ ಸತ್ತೇಹೋದ. ಕೆಲವೇ ಡಾಲರುಗಳ ಬೆಲೆಯ ರಕ್ಷಣೆಯೊಂದನ್ನು ಆ ಯಂತ್ರಕ್ಕೆ ಹಾಕಿರಲಿಲ್ಲ. ಹಲ್ ಹೌಸಿನಲ್ಲಿ ನೆಲಸಿದ್ದ ಫ್ಲಾರೆನ್ಸ್ ಕೆಲಿ ಎಂಬ ವಿದುಷಿ ಕಾರ್ಖಾನೆಗಳ ಸ್ಥಿತಿಯನ್ನು ಪರಿಶೀಲಿಸಿ ವರದಿ ಮಾಡಿದಳು. ಹದಿನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕಾರ್ಖಾನೆಗಳಲ್ಲಿ ದುಡಿಸಬಾರದೆಂದೂ ಹೆಂಗಸರಿಂದ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದೆಂದೂ ಮಸೂದೆ ಸಿದ್ಧವಾಯಿತು.

ಈ ಪ್ರಯತ್ನವನ್ನು ಕೈಬಿಟ್ಟರೆ ಹಲ್ ಹೌಸಿಗೆ 50,000 ಡಾಲರು ಕೊಡಿಸುವುದಾಗಿ ಕಾರ್ಖಾನೆಯ ಮಾಲೀಕರ ಪರವಾಗಿ ಸೂಚನೆ ಬಂದಿತು. ಜೇನಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ತಂದೆಯ ಬಳಿ ಯಾರೂ ಆಡಲು ಹೆದರುತ್ತಿದ್ದ ಮಾತನ್ನು ತನ್ನೆದುರಿಗೆ ಆಡಿದರಲ್ಲವೆಂದು ಆಕೆ ನೊಂದಳು. 1893ರಲ್ಲಿ ಶಾಸನ ಜಾರಿಗೆ ಬಂದು, ಫ್ಲಾರೆನ್ಸ್ ಕೆಲಿ ಅದರ ಮುಖ್ಯ ತನಿಖಾಧಿಕಾರಿಯಾದಳು. ಎಂಟು ಗಂಟೆಯ ವಿಧಿಯನ್ನು ಸಂಸ್ಥಾನದ ಶ್ರೇಷ್ಠ ನ್ಯಾಯಾಲಯ 1895ರಲ್ಲಿ ತೊಡೆದುಹಾಕಿತು. ಮಕ್ಕಳ ಕೂಲಿಯನ್ನೇ ನಂಬಿದ್ದ ಕೆಲವು ನೆರೆಯವರಿಗೂ ಈ ಶಾಸನ ಅಪ್ರಿಯವಾಗಿತ್ತು. ಆದರೂ ಹೋರಾಟ ನಿಲ್ಲಲಿಲ್ಲ.

ಅದೇ 1895ರಲ್ಲಿ ಹಲ್ ಹೌಸಿನವರು ಸುತ್ತಲಿನ ಬೀದಿಗಳ ನಕ್ಷೆಗಳನ್ನು ಪ್ರಕಟಿಸಿದರು. ಯಾವ ಮನೆಯಲ್ಲಿ ಯಾವ ದೇಶದವರಿದ್ದಾರೆ, ಅವರ ವಾರದ ಗಳಿಕೆ ಎಷ್ಟು ಎಂಬುದನ್ನು ಬಣ್ಣಗಳಿಂದ ಸೂಚಿಸಿದ್ದ ಆ ನಕ್ಷೆಯಲ್ಲಿ ಹದಿನೆಂಟು ದೇಶಮೂಲದವರು ಕಾಣಿಸಿದರು. ಇಷ್ಟು ಬಗೆಯ ಜನರಿಗೆ ಸಮಾನವಾಗಿದ್ದುದು ಒಂದೇ: ಬೀದಿಯ ಕಸ. ಮನೆಗಳ ಮುಂದೆ ಮರದ ದೊಡ್ಡ ತೊಟ್ಟಿಗಳು ತುಂಬಿ ತುಳುಕುತ್ತಿದ್ದವು. ಮಕ್ಕಳು ಅವುಗಳ ಮೇಲೆಯೇ ಹತ್ತಿ ಆಡುತ್ತಿದ್ದರು. ಇಟಲಿಯ ಹಳ್ಳಿಯಿಂದ ಬಂದ ಹೆಂಗಸು ತನ್ನ ಊರಿನಲ್ಲಿ ಮಾಡುತ್ತಿದ್ದಂತೆಯೇ ಮನೆಯನ್ನು ಗುಡಿಸಿ ಕಸವನ್ನು ಹೊರಗೆ ಹಾಕುವಳು. ಹಳ್ಳಿಯಲ್ಲಿ ಅದು ಗಾಳಿ ಬಿಸಿಲಿಗೆ ಒಣಗಿ ಮಾಯವಾಗುತ್ತಿತ್ತು. ಇಲ್ಲಿ ಅದನ್ನು ಎತ್ತಿ ಸಾಗಿಸದಿದ್ದರೆ ಆಕೆಯ ಮಗುವಿನ ಪ್ರಾಣಕ್ಕೇ ಕುತ್ತು. ತನ್ನ ಮನೆಯೊಂದು ಶುಚಿಯಾಗಿದ್ದರೆ ಸಾಲದು, ಬೀದಿಯೂ ತನ್ನದೇ ಎಂದು ತಿಳಿಯಬೇಕೆಂಬುದನ್ನು ನಗರ ಎಲ್ಲರಿಗೂ ಕಲಿಸಬೇಕಾಗಿತ್ತು.

ಹಲ್ ಹೌಸಿನ ಮಹಿಳಾ ಸಂಘದ ಸದಸ್ಯೆಯರು ಈ ಪಾಠವನ್ನು ಮೊದಲು ಕಲಿತರು. ಅವರಲ್ಲಿ ಹನ್ನೆರಡು ಮಂದಿ ಹಲ್ ಹೌಸಿನ ನಿವಾಸಿಗಳ ಜೊತೆಗೂಡಿ, ದಿನದ ದುಡಿಮೆ ಮುಗಿದ ಮೇಲೆ ಬೇಸಗೆಯ ಸಂಜೆಗಳಲ್ಲಿ ಓಣಿ ಓಣಿಗಳನ್ನು ಸುತ್ತಿ ಎರಡು ತಿಂಗಳುಗಳಲ್ಲಿ 1,037 ದೂರುಗಳನ್ನು ನಗರದ ಆರೋಗ್ಯ ಇಲಾಖೆಗೆ ಸಲ್ಲಿಸಿದರು. ಅದರಿಂದಲೂ ಸಾಕಷ್ಟು ಫಲ ಕಾಣದಾಗ ಜೇನ್ ವಾರ್ಡಿನ ಕಸ ಸಾಗಿಸುವ ಗುತ್ತಿಗೆಗೆ ತಾನೇ ಅರ್ಜಿ ಹಾಕಿದಳು. ನಿಯಮದ ಕಾರಣ ಒಡ್ಡಿ ಅರ್ಜಿಯನ್ನು ತಳ್ಳಿಹಾಕಿದರೂ ಮೇಯರ್ ಆಕೆಯನ್ನು ವರ್ಷಕ್ಕೆ 1,000 ಡಾಲರ್ ಸಂಬಳದ ಕಸ ತನಿಖಾಧಿಕಾರಿಯನ್ನಾಗಿ ನೇಮಿಸಿದನು. ಅಂದಿನಿಂದ ಆಕೆ ಬೆಳಗಿನ ಆರು ಗಂಟೆಗೇ ಎದ್ದು ಕಸದ ಗಾಡಿಗಳ ಹಿಂದೆ ಹೊರಡುತ್ತಿದ್ದಳು. ಒಂಬತ್ತು ಗಾಡಿಗಳು ಹದಿಮೂರಾದವು, ಹದಿನೇಳಾದವು. ಒಂದು ಇಕ್ಕಟ್ಟಾದ ಬೀದಿಯಲ್ಲಿ ಹದಿನೆಂಟು ಅಂಗುಲ ಕಸವನ್ನು ಅಗೆದು ತೆಗೆದಾಗ ಅದರ ಕೆಳಗೆ ಕಲ್ಲು ಹಾಸಿದ ದಾರಿ ಸಿಕ್ಕಿತು! ಹೆಂಗಸೊಬ್ಬಳು ಇಂಥ ಕೆಲಸಕ್ಕೆ ಇಳಿದಳಲ್ಲವೆಂದು ಮೂಗಿನ ಮೇಲೆ ಬೆರಳಿಟ್ಟ ನೆರೆಯವರೂ ಕ್ರಮೇಣ ಅದರ ಅರ್ಥವನ್ನು ತಿಳಿದರು. ಮರಣದ ಪ್ರಮಾಣದಲ್ಲಿ ನಗರದ ವಾರ್ಡುಗಳ ನಡುವೆ ಮೂರನೆಯದಾಗಿದ್ದ ಆ ವಾರ್ಡು ಏಳನೆಯ ಸ್ಥಾನಕ್ಕೆ ಇಳಿಯಿತು.

ಶುಚಿಯಾದ ಬೀದಿ, ನ್ಯಾಯವಾದ ಕೂಲಿ ಇವಿಷ್ಟರಿಂದಲೇ ಮನುಷ್ಯನ ಮನಸ್ಸು ತುಂಬುವುದಿಲ್ಲ. ಹಲ್ ಹೌಸಿನ ಸಮಾರಂಭವೊಂದಕ್ಕೆ ಬಂದ ಇಟಲಿಯ ಹೆಂಗಸೊಬ್ಬಳು ಅಲ್ಲಿದ್ದ ಕೆಂಪು ಗುಲಾಬಿಗಳನ್ನು ಕಂಡು, ಅವು ಇಷ್ಟು ತಾಜಾ ಆಗಿ ಇಟಲಿಯಿಂದ ಹೇಗೆ ಬಂದವೆಂದು ಆಶ್ಚರ್ಯಪಟ್ಟಳು. ಹೂವಿನ ಅಂಗಡಿ ಆಕೆಯ ಮನೆಯಿಂದ ಹತ್ತು ಬೀದಿಗಳ ಅಂತರದಲ್ಲಿಯೇ ಇತ್ತು. ಆದರೆ ಷಿಕಾಗೊದಲ್ಲಿದ್ದ ಆರು ವರ್ಷಗಳಲ್ಲಿ ಆಕೆ ಒಂದು ಗುಲಾಬಿಯನ್ನೂ ಕಂಡಿರಲಿಲ್ಲ. ಆಕೆ ನಗರದೊಳಗಿದ್ದಳು, ನಗರ ಆಕೆಯದಾಗಿರಲಿಲ್ಲ.

ಇದಕ್ಕಿಂತಲೂ ಜೇನಳನ್ನು ಕಲಕಿದುದು ತಾಯಿ ಮಕ್ಕಳ ನಡುವಿನ ಬಿರುಕು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿತು ಬೇಗನೆ ಅಮೆರಿಕನ್ನರಾಗುತ್ತಿದ್ದರು. ತಲೆವಸ್ತ್ರ ಕಟ್ಟಿಕೊಂಡು, ಹಳ್ಳಿಯ ಭಾಷೆಯಾಡುವ ತಾಯಿಯ ಪಕ್ಕದಲ್ಲಿ ನಡೆಯಲು ಅವರಿಗೆ ನಾಚಿಕೆ. ಒಂದು ದಿನ ಜೇನ್ ಬೀದಿಯಲ್ಲಿ ಹೋಗುತ್ತಿದ್ದಾಗ ಇಟಲಿಯ ಮುದುಕಿಯೊಬ್ಬಳು ಬಿಸಿಲಿನಲ್ಲಿ ಕುಳಿತು ತಕಲಿಯಿಂದ ನೂಲು ತೆಗೆಯುತ್ತಿದ್ದುದನ್ನು ಕಂಡಳು. ಈ ಜನ ಬರಿಗೈಯಲ್ಲಿ ಬಂದವರಲ್ಲ, ತಲೆಮಾರುಗಳ ಕಸುಬನ್ನು ಕೈಯಲ್ಲಿ ಹೊತ್ತು ತಂದವರು ಎಂದು ಆಕೆಗೆ ಹೊಳೆಯಿತು. 1900ರಲ್ಲಿ ಹಲ್ ಹೌಸಿನಲ್ಲಿ ಶ್ರಮದ ವಸ್ತುಸಂಗ್ರಹಾಲಯವೊಂದು ಆರಂಭವಾಯಿತು. ಅಲ್ಲಿ ನೆರೆಯ ಹೆಂಗಸರೇ ಕುಳಿತು ತಮ್ಮ ತಮ್ಮ ದೇಶದ ರೀತಿಯಲ್ಲಿ ನೂಲುವುದನ್ನೂ ನೇಯುವುದನ್ನೂ ತೋರಿಸುತ್ತಿದ್ದರು. ತಕಲಿಯಿಂದ ರಾಟೆಗೆ, ರಾಟೆಯಿಂದ ಉಗಿಯಂತ್ರಕ್ಕೆ ಮನುಷ್ಯನ ಕೈಕೆಲಸ ನಡೆದು ಬಂದ ದಾರಿ ಅಲ್ಲಿ ಕಣ್ಣಿಗೆ ಕಟ್ಟುತ್ತಿತ್ತು.

ಇಟಲಿಯ ಹುಡುಗಿಯೊಬ್ಬಳು ಹಲ್ ಹೌಸಿಗೆ ಅಡುಗೆಯ ಪಾಠಕ್ಕೆ ಬರುತ್ತಿದ್ದಳು. ಅದೇ ಸಂಜೆ ಆಕೆಯ ತಾಯಿ ನೂಲುವುದನ್ನು ತೋರಿಸಲು ಬರುತ್ತಿದ್ದಳು. ತಾಯಿಯನ್ನು ಮುಂಬಾಗಿಲಿನವರೆಗೆ ಬಿಟ್ಟು ಹುಡುಗಿ ತಾನು ಬೇರೊಂದು ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ಒಂದು ಸಂಜೆ ವಿಶ್ವವಿದ್ಯಾನಿಲಯದಿಂದ ಬಂದ ಅತಿಥಿಗಳು ತಾಯಿಯನ್ನು ಸುತ್ತುವರಿದು ಆಕೆಯ ಕೈಚಳಕವನ್ನು ಮೆಚ್ಚಿ ನೋಡುತ್ತಿದ್ದುದನ್ನು ಹುಡುಗಿ ಕಂಡಳು. ತನ್ನ ತಾಯಿ ಅಷ್ಟು ಶ್ರೇಷ್ಠಳೇ ಎಂದು ಆಕೆ ಬೆರಗಾಗಿ ಜೇನಳನ್ನು ವಿಚಾರಿಸಿದಳು. ತಾಯಿ ಬೆಳೆದ ಬೆಟ್ಟದ ಹಳ್ಳಿಯನ್ನೂ, ಅಲ್ಲಿ ಆಕೆ ಬಂಡೆಯ ಅಂಚಿನಿಂದ ತಕಲಿಯನ್ನು ಕೆಳಕ್ಕೆ ಬಿಟ್ಟು ನೂಲುತ್ತಿದ್ದುದನ್ನೂ ಜೇನ್ ವಿವರಿಸಿದಳು. ಕೆಲವು ದಿನಗಳಲ್ಲಿ, ಹಳ್ಳಿಗಾಡಿನದೆಂದು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಮನೆನೇಯ್ಗೆಯ ಉಡುಪುಗಳು ಹೊರಕ್ಕೆ ಬಂದವು. ಆ ಹುಡುಗಿ ತಾಯಿಯ ಜೊತೆಗೆ ಒಂದೇ ಬಾಗಿಲಿನಿಂದ ಒಳಗೆ ಬರತೊಡಗಿದಳು. ತಂದೆಯ ಪಕ್ಕದಲ್ಲಿ ನಡೆಯಲು ಹಿಂಜರಿದಿದ್ದ ಸೀಡರ್‌ವಿಲ್ಲಿನ ಮಗುವಿಗೆ ಈ ಹುಡುಗಿಯ ಮನಸ್ಸನ್ನು ಅರಿಯುವುದು ಕಷ್ಟವಾಗಿರಲಿಲ್ಲ.

ಕಾಲ ಉರುಳಿದಂತೆ ನೆರೆಹೊರೆಯೂ ಬದಲಾಯಿತು. ಸ್ವಲ್ಪ ಗಳಿಸಿದವರು ಬೇರೆ ಬಡಾವಣೆಗಳಿಗೆ ಹೋದರು. ಅವರ ಮನೆಗಳಿಗೆ ಹೊಸಬರು ಬಂದರು. ಐರಿಷರು, ಜರ್ಮನರು ತೆರವು ಮಾಡಿದ ಬೀದಿಗಳಲ್ಲಿ ಗ್ರೀಕರು ಅಂಗಡಿ ತೆರೆದರು. ಗ್ರೀಕರು 1903ರಲ್ಲಿ ಹಲ್ ಹೌಸಿನ ರಂಗದ ಮೇಲೆ ಸಾಫೊಕ್ಲೀಸನ ಏಜಾಕ್ಸ್ ನಾಟಕವನ್ನು ತಮ್ಮ ಪ್ರಾಚೀನ ಭಾಷೆಯಲ್ಲಿಯೇ ಆಡಿ, ತಮ್ಮನ್ನು ಬರಿಯ ಹಣ್ಣು ಮಾರುವವರೆಂದು ಕಂಡಿದ್ದ ನಗರಕ್ಕೆ ತಮ್ಮ ಪರಂಪರೆಯನ್ನು ಪರಿಚಯಿಸಿದರು. 1908ರಲ್ಲಿ ವಲಸೆಗಾರರ ರಕ್ಷಣೆಗಾಗಿ ಸಂಘವೊಂದು ಸ್ಥಾಪಿತವಾಗಿ, ರೈಲು ನಿಲ್ದಾಣದಲ್ಲಿ ಇಳಿಯುವ ಹೊಸಬರು ಮೋಸಗಾರರ ಕೈಗೆ ಸಿಕ್ಕದಂತೆ ನೋಡಿಕೊಂಡಿತು. 1920ರ ದಶಕದಲ್ಲಿ ಮೆಕ್ಸಿಕೊದವರು ಬಂದಾಗ ಅವರ ಕುಂಬಾರಿಕೆಯ ಕೌಶಲಕ್ಕೆ ಅಲ್ಲಿ ಆವಿಗೆಗಳು ಸಿದ್ಧವಾದವು. ಬಂದವರು ಬದಲಾದರೂ ಬಾಗಿಲು ಒಂದೇ ಆಗಿತ್ತು. ಒಂದು ಮನೆಯಾಗಿ ಆರಂಭವಾದ ಹಲ್ ಹೌಸ್ 1907ರ ವೇಳೆಗೆ ಹದಿಮೂರು ಕಟ್ಟಡಗಳ ಸಮೂಹವಾಗಿತ್ತು.

ಹಲವು ದೇಶಗಳ ಜನ ಒಂದೇ ಬೀದಿಯಲ್ಲಿ ಕೂಡಿ ಬಾಳಬಲ್ಲರಾದರೆ ಆ ದೇಶಗಳು ಪರಸ್ಪರ ಕೊಲ್ಲಬೇಕಾದುದೇಕೆಂಬುದು ಜೇನಳ ಪ್ರಶ್ನೆ. ಮೊದಲನೆಯ ಮಹಾಯುದ್ಧದ ನಡುವೆ, 1915ರಲ್ಲಿ, ಹೇಗ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಆಕೆ ಅಧ್ಯಕ್ಷಳಾದಳು. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗಲೂ ತನ್ನ ನಿಲುವನ್ನು ಬಿಡಲಿಲ್ಲ. ಅಲ್ಲಿಯವರೆಗೆ ಆಕೆಯನ್ನು ಹೊಗಳುತ್ತಿದ್ದ ಪತ್ರಿಕೆಗಳು ತೆಗಳತೊಡಗಿದವು. ಹಳೆಯ ಸ್ನೇಹಿತರು ದೂರವಾದರು. ಇತರರಿಗೆ ನೆಲೆ ದೊರಕಿಸಲು ದುಡಿದವಳು ತನ್ನ ದೇಶದಲ್ಲಿಯೇ ಪರಕೀಯಳಂತೆ ನಿಲ್ಲಬೇಕಾಯಿತು. ಆದರೂ ಯುದ್ಧ ಮುಗಿದೊಡನೆ ಶತ್ರುದೇಶವೆನಿಸಿದ್ದ ಜರ್ಮನಿಯ ಹಸಿದ ಮಕ್ಕಳಿಗೆ ಆಹಾರ ಒದಗಿಸುವ ಕೆಲಸದಲ್ಲಿ ತೊಡಗಿದಳು. ಕಾಲ ಮತ್ತೆ ತಿರುಗಿತು. 1931ರಲ್ಲಿ ನಿಕೊಲಸ್ ಬಟ್ಲರನ ಜೊತೆ ಆಕೆಗೆ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಈ ಗೌರವವನ್ನು ಪಡೆದ ಮೊದಲ ಅಮೆರಿಕನ್ ಮಹಿಳೆ ಆಕೆ. ಪಾರಿತೋಷಕ ಪ್ರದಾನದ ದಿನ ಆಕೆ ಆಸ್ಪತ್ರೆಯಲ್ಲಿದ್ದಳು.

1935ರ ಮೇ 21ರಂದು ಜೇನ್ ಆಡಮ್ಸ್ ಷಿಕಾಗೊದಲ್ಲಿ ನಿಧನ ಹೊಂದಿದಳು. ಆಕೆಯ ಅಂತಿಮ ದರ್ಶನಕ್ಕಾಗಿ ಹಲ್ ಹೌಸಿಗೆ ಸಾವಿರಾರು ಮಂದಿ ನೆರೆಯವರು ಬಂದರು. ದೇಹವನ್ನು ಸೀಡರ್‌ವಿಲ್ಲಿಗೆ ಒಯ್ದು ತಾಯಿತಂದೆಯರ ಸಮಾಧಿಗಳ ಬಳಿ ಮಣ್ಣು ಮಾಡಲಾಯಿತು.

ಆಕೆ ಬಾಳಿದ ನೆರೆಹೊರೆ ಉಳಿಯಲಿಲ್ಲ. ವಿಶ್ವವಿದ್ಯಾನಿಲಯದ ಕಟ್ಟಡಗಳಿಗಾಗಿ ಷಿಕಾಗೊ ನಗರ 1961ರಲ್ಲಿ ಆ ಬಡಾವಣೆಯನ್ನು ಆರಿಸಿತು. ಅದನ್ನು ವಿರೋಧಿಸಿ ಅಲ್ಲಿನ ಹೆಂಗಸರು ಮೇಯರನ ಕಚೇರಿಯಲ್ಲಿ ಧರಣಿ ಕುಳಿತರು, ಮೊಕದ್ದಮೆ ಹೂಡಿದರು. ಅವರ ಮುಂದಾಳು ಫ್ಲಾರೆನ್ಸ್ ಸ್ಕಾಲಾ ಇಟಲಿಯಿಂದ ವಲಸೆ ಬಂದವರ ಮಗಳು. ಹಲ್ ಹೌಸಿನ ಒಡನಾಟದಲ್ಲಿ ಬೆಳೆದವಳು. 1963ರಲ್ಲಿ ನ್ಯಾಯಾಲಯದಲ್ಲಿ ಅವರಿಗೆ ಸೋಲಾಯಿತು. ಮನೆಗಳು, ಅಂಗಡಿಗಳು ನೆಲಸಮವಾದವು. ಹದಿಮೂರು ಕಟ್ಟಡಗಳಲ್ಲಿ ಉಳಿದವು ಹಲ್ ಕಟ್ಟಿಸಿದ ಹಳೆಯ ಮನೆ ಮತ್ತು ಊಟದ ಶಾಲೆ ಮಾತ್ರ, ಅವು ವಸ್ತುಸಂಗ್ರಹಾಲಯವಾದವು. ಬೇರೆ ಬೇರೆ ಕಡೆ ಸೇವೆಯನ್ನು ಮುಂದುವರಿಸಿದ್ದ ಸಂಸ್ಥೆಯೂ ಹಣದ ಅಭಾವದಿಂದ 2012ರಲ್ಲಿ ಮುಚ್ಚಿತು.

ಹಾಗಾದರೆ ಜೇನಳ ದುಡಿಮೆ ವ್ಯರ್ಥವಾಯಿತೆ? ಭಾಷೆ ಬಾರದೆ, ದಾರಿ ತಿಳಿಯದೆ, ಮೂಲೆಯಲ್ಲಿ ಮುದುರಿ ಕುಳಿತಿದ್ದವರ ಮಕ್ಕಳು ಈ ಬೀದಿ ನಮ್ಮದೆಂದು ನಗರದ ಅಧಿಕಾರಿಗಳ ಎದುರಿಗೆ ಎದ್ದು ನಿಂತರು. ಅವರು ಸೋತುದು ನಿಜ. ಆದರೆ ತಮ್ಮದಲ್ಲದ ಊರಿಗಾಗಿ ಯಾರೂ ಹಾಗೆ ಹೋರಾಡುವುದಿಲ್ಲ. ನಗರಗಳು ಇಂದಿಗೂ ಬೆಳೆಯುತ್ತಿವೆ. ಮೂಟೆ ಹೊತ್ತು, ಮಕ್ಕಳ ಕೈಹಿಡಿದು, ತಿಳಿಯದ ಭಾಷೆಯ ಬೀದಿಗಳಿಗೆ ಜನ ಇಂದಿಗೂ ಬಂದು ಇಳಿಯುತ್ತಿದ್ದಾರೆ. ಅವರನ್ನು ಎದುರುಗೊಳ್ಳುವ ನೆರೆಯವರು ಹೇಗಿರಬೇಕೆಂಬುದಕ್ಕೆ ಜೇನ್ ಆಡಮ್ಸಳ ಬಾಳು ಒಂದು ಉತ್ತರ.